ಬೆನ್ನು ತಿರುಗಿಸಿ ಆಡಿದ ಮಾತು

ನಾನು ಕನ್ನಡಕ ತೆಗೆದು ಒರೆಸಲು ಶುರುಮಾಡಿದೆನೆಂದರೆ ಎದುರಿಗೆ ಕೂತವರ ಮುಖ ಸಣ್ಣದಾಗುತ್ತದೆ. ರಜೆ ಸಿಗಲಿಲ್ಲ, ಬಡ್ತಿ ಬರಲಿಲ್ಲ, ನಿಮ್ಮ ಮೇಲೆ ದೂರು ಬಂದಿದೆ, ಇಂಥದೇನೋ ಒಂದು ಮಾತು ಹೊರಡಲಿದೆ ಎಂದು ಅವರಿಗೆ ಮೊದಲೇ ತಿಳಿದುಬಿಡುತ್ತದೆ. ನನ್ನ ಕೋಣೆಯಿಂದ ಹೊರಗೆ ಹೋದವರು "ಮ್ಯಾಡಮ್‌ನೀ ಚಷ್ಮಾ ಕಾಢಲಾ" ಎಂದರೆ ಸಾಕಂತೆ, ಅಂದರೆ ಮೇಡಂ ಕನ್ನಡಕ ತೆಗೆದರು ಎಂದರೆ ಸಾಕಂತೆ, ಆ ದಿನ ಮತ್ಯಾರೂ ನನ್ನ ಬಾಗಿಲ ಕಡೆ ಸುಳಿಯುವುದಿಲ್ಲ. ಇದು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿಯವರೆಗೂ ನನ್ನ ಮನಸ್ಸಿನಲ್ಲಿರುವುದು ಯಾರಿಗೂ ತಿಳಿಯುವುದಿಲ್ಲ ಎಂಬ ಹೆಮ್ಮೆಯಲ್ಲೇ ಇದ್ದೆ.

ಈ ಚಟ ಅಪ್ಪನಿಂದ ಬಂದದ್ದು. ಅವರು ಗದಗಿನ ತಾರು ಕಚೇರಿಯಲ್ಲಿದ್ದರು. ಸಾವಿನ ತಾರು ಬಂದರೆ ಅದನ್ನು ಜವಾನನ ಕೈಗೆ ಕೊಡದೆ ತಾವೇ ಸೈಕಲ್ ಹತ್ತುತ್ತಿದ್ದರು. ಒಂದು ಸಲ ನಾನೂ ಕ್ಯಾರಿಯರಿನ ಮೇಲೆ ಕೂತಿದ್ದೆ. ಬೆಟಗೇರಿಯಲ್ಲಿ ನೇಕಾರರ ಓಣಿ, ಎರಡೂ ಕಡೆ ಮಗ್ಗದ ಸದ್ದು. ಒಂದು ಮನೆಯಿಂದ ಹೆಂಗಸೊಬ್ಬರು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೊರಗೆ ಬಂದರು. ಅಪ್ಪ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಕಿಸೆಗೆ ಹಾಕಿಕೊಂಡು ಕಾಗದ ಓದಿದರು. ಆಕೆ ಕೂಗಿಕೊಂಡದ್ದು ಕೇಳಿ ಒಂದೊಂದೇ ಮಗ್ಗ ನಿಲ್ಲುತ್ತ ಹೋಯಿತು. ತಿರುಗಿ ಬರುವಾಗ ನಾನು ಕೇಳಿದೆ: "ಅಪ್ಪಾ, ಚಷ್ಮಾ ಇಲ್ಲದ ಹೆಂಗ ಓದಿದಿ?"

"ಓದೂದು ಏನಿತ್ತವ್ವಾ, ಬಾಯಿಪಾಠ ಆಗಿತ್ತು. ಆಕಿ ಮಾರಿ ಕಾಣಬಾರದು ಅಂತ ತಗದೆ."

ಎಂಟು ವರ್ಷದ ನನಗೆ ಅದು ಬಹಳ ದೊಡ್ಡ ಜಾಣತನವಾಗಿ ಕಂಡಿತು. ನನಗೆ ಕನ್ನಡಕ ಬಂದದ್ದು ಕಾಲೇಜಿನಲ್ಲಿ. ಬಂದ ವಾರದಲ್ಲೇ ಅಪ್ಪನ ಜಾಣತನವೂ ಅದರ ಜೊತೆಗೆ ಬಂದಿತು. ಮೂರು ಅಡಿ ಆಚೆಯ ಮನುಷ್ಯ ಮಸುಕಾಗಿಬಿಟ್ಟರೆ ಎಂಥ ಮಾತನ್ನೂ ಆಡಬಹುದು. ನೀವೂ ಕನ್ನಡಕದವರಾದರೆ ಒಮ್ಮೆ ಮಾಡಿ ನೋಡಿ. ಬೇಡ, ಮಾಡಬೇಡಿ. ಯಾಕೆ ಬೇಡ ಎನ್ನುವುದನ್ನೇ ಹೇಳಲು ಹೊರಟಿದ್ದೇನೆ.

ಚಿಂಚವಾಡದ ಕಾರ್ಖಾನೆಯೊಂದರಲ್ಲಿ ನಾನು ಪ್ರೆಸ್ ವಿಭಾಗದ ಮುಖ್ಯಸ್ಥೆ. ವಾಹನಗಳ ಬಾಗಿಲು, ಬಾನೆಟ್ಟುಗಳ ತಗಡನ್ನು ದೊಡ್ಡ ಯಂತ್ರಗಳಲ್ಲಿ ಒತ್ತಿ ಆಕಾರ ಕೊಡುವ ಜಾಗ. ಸದ್ದು ಹೇಗಿರುತ್ತದೆಂದರೆ, ಬಿಬವೇವಾಡಿಯ ನನ್ನ ಮನೆಗೆ ಬಂದು ಊಟಕ್ಕೆ ಕೂತ ಮೇಲೂ ಅದು ಅಂಗಾಲಿನಲ್ಲಿ ಬಡಿಯುತ್ತಿರುತ್ತದೆ. ತಗಡು ಒತ್ತುವ ಉಕ್ಕಿನ ಅಚ್ಚುಗಳು ಟನ್‌ಗಟ್ಟಲೆ ತೂಗುತ್ತವೆ. ಅವನ್ನು ಎತ್ತಿ ಇಡುವುದು ಚಾವಣಿಯ ಕೆಳಗೆ ಹಳಿಯ ಮೇಲೆ ಓಡಾಡುವ ಕ್ರೇನು. ಅದರ ಪೆಟ್ಟಿಗೆಯಂಥ ಕ್ಯಾಬಿನ್ನಿನಲ್ಲಿ ಹದಿನಾರು ವರ್ಷ ಕೂತವರು ಶಿವಪುತ್ರಪ್ಪನವರು.

ಯಾದಗಿರಿ ಕಡೆಯವರು. ಪುಣೆಗೆ ಬಂದದ್ದು ಕಟ್ಟಡದ ಕೆಲಸಕ್ಕೆ, ಕಾರ್ಖಾನೆ ಸೇರಿದ್ದು ಹಗ್ಗ ಬಿಗಿಯುವ ಆಳಾಗಿ, ಆಮೇಲೆ ಏಣಿ ಹತ್ತಿದ್ದು. ಅವರು ಇಳಿಸಿದ ಅಚ್ಚು ನೆಲ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ, ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ. ಸುತ್ತೆಲ್ಲ ಮರಾಠಿ ನಡೆಯುವಲ್ಲಿ ನಾವಿಬ್ಬರೇ ಕನ್ನಡದವರು. ಎಲ್ಲರಿಗೂ ನಾನು ಮ್ಯಾಡಮ್. ಅವರಿಗೆ ಮಾತ್ರ ಊರ ಕಡೆಯ ಹಾಗೆ ಬಾಯಾರು, ಅಂದರೆ ಅಮ್ಮಾವರು.

ಕ್ರೇನಿನ ಕೆಳಗೆ ನಿಂತು, ಎತ್ತು, ಇಳಿಸು, ನಿಲ್ಲಿಸು ಎಂದು ಕೈಸನ್ನೆ ಮಾಡುವವನು ಗಣಪತ. ಸಾತಾರಾ ಕಡೆಯ ಮನುಷ್ಯ, ಬಾಯಲ್ಲಿ ಸದಾ ನಗು. ಹದಿನಾರು ವರ್ಷ ಇವರಿಬ್ಬರದೂ ಜೋಡಿ. ಹೋದ ವರ್ಷ ಜೂನ್ ತಿಂಗಳಲ್ಲಿ ಗಣಪತ ಎರಡು ದಿನ ರಜೆ ಹಾಕಿದ. ಅವನ ಜಾಗಕ್ಕೆ ಬೇರೆ ವಿಭಾಗದ ಹೊಸಬನೊಬ್ಬ ಬಂದ. ಆತ ಕೈಸನ್ನೆಯ ಬದಲು ಸೀಟಿ ಊದುತ್ತಿದ್ದ. ಎರಡನೆಯ ದಿನ ಅಚ್ಚೊಂದು ಗಾಳಿಯಲ್ಲಿ ಓಲಾಡಿತು. ಆತ ನಿಲ್ಲಿಸೆಂದು ಸೀಟಿ ಊದಿದ. ಕ್ರೇನು ನಿಲ್ಲಲಿಲ್ಲ. ಮತ್ತೆ ಊದಿದ, ಕೂಗಿದ, ಕೊನೆಗೆ ಹಿಂದಕ್ಕೆ ನೆಗೆದ. ಅವನ ಹೆಲ್ಮೆಟ್ ಬಿದ್ದ ಜಾಗದಲ್ಲೇ ಅಚ್ಚು ಹಾದುಹೋಗಿ ಕಬ್ಬಿಣದ ಕಪಾಟಿಗೆ ಬಡಿಯಿತು. ಮನುಷ್ಯ ಉಳಿದ. ಕಪಾಟು ಎರಡಾಗಿ ಮಡಚಿಕೊಂಡಿತು.

ನಮ್ಮ ಕಾರ್ಖಾನೆಯ ಹಿರಿಯ ಅಧಿಕಾರಿ ಹತ್ತು ನಿಮಿಷದಲ್ಲಿ ತೀರ್ಮಾನ ಕೊಟ್ಟರು: ಅಜಾಗರೂಕತೆ. ಎಚ್ಚರಿಕೆಯ ಪತ್ರ ಸಿದ್ಧವಾಯಿತು. ಶಿವಪುತ್ರಪ್ಪನವರ ಜೊತೆ ಮಾತಾಡಿ ಕೊಡಿ ಎಂದು ನನ್ನ ಮೇಜಿಗೆ ಬಂತು.

ಇಂಥ ಮಾತಾಡುವುದರಲ್ಲಿ ನಾನು ಸರ್ಟಿಫಿಕೇಟು ಪಡೆದವಳು, ನಗಬೇಡಿ. ಅದರ ಹಿಂದಿನ ಮಳೆಗಾಲದಲ್ಲಿ ನಮ್ಮನ್ನೆಲ್ಲ ಲೋಣಾವಳಾದ ಹೋಟೆಲೊಂದಕ್ಕೆ ಎರಡು ದಿನದ ತರಬೇತಿಗೆ ಕರೆದುಕೊಂಡು ಹೋಗಿದ್ದರು. ಕೈಕೆಳಗಿನವರಿಗೆ ಕಹಿಮಾತನ್ನು ಕರುಣೆಯಿಂದ ಹೇಳುವುದು ಹೇಗೆ ಎಂಬುದು ವಿಷಯ. ಹೊರಗೆ ಗುಡ್ಡವೇ ಕಾಣದಂಥ ಮಳೆ, ಒಳಗೆ ನಾವು ಇಬ್ಬಿಬ್ಬರಾಗಿ ಕೂತು ಸುಳ್ಳು ಸುಳ್ಳೇ ಒಬ್ಬರನ್ನೊಬ್ಬರು ಕೆಲಸದಿಂದ ತೆಗೆಯುತ್ತಿದ್ದೆವು. ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಬೇಕು. ಲೆಕ್ಕಪತ್ರ ವಿಭಾಗದ ಒಬ್ಬರನ್ನು ನಾನು ಎಷ್ಟು ಚೆನ್ನಾಗಿ ತೆಗೆದೆನೆಂದರೆ, ಅವರು ಎದ್ದು ನಿಂತು ಕೈ ಕುಲುಕಿದರು. ನನಗೆ ಮೊದಲ ಬಹುಮಾನ. ಅರ್ಧ ಕಿಲೋ ಶೇಂಗಾ ಚಿಕ್ಕಿ.

ಅದೇ ವಿದ್ಯೆಯನ್ನು ಶಿವಪುತ್ರಪ್ಪನವರ ಮೇಲೆ ಪ್ರಯೋಗಿಸಿದೆ. ಕುರ್ಚಿಯ ತುದಿಯಲ್ಲಿ ಕೂತರು. ನಾನು ಕನ್ನಡಕ ತೆಗೆದೆ, ತಲೆ ತಗ್ಗಿಸಿ ಒರೆಸುತ್ತ ಅವರ ಹದಿನಾರು ವರ್ಷದ ಸೇವೆಯನ್ನು ಹೊಗಳಿದೆ. ಆಮೇಲೆ ಸೀಟಿ, ಅಚ್ಚು, ಹೋಗಬಹುದಾಗಿದ್ದ ಒಂದು ಜೀವ, ಎಲ್ಲ ಹೇಳಿದೆ. ಕೊನೆಗೆ ಮತ್ತೆ ಹೊಗಳಿದೆ. ಅವರು ನಡುನಡುವೆ "ಹೌದ್ರಿ ಬಾಯಾರ, ಹೌದ್ರಿ" ಎನ್ನುತ್ತಿದ್ದರು. ಒಂದು ಎದುರುಮಾತಿಲ್ಲ, ಕೋಪವಿಲ್ಲ. ಎಷ್ಟು ಚೆನ್ನಾಗಿ ಆಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಕನ್ನಡಕ ಹಾಕಿಕೊಂಡು ತಲೆಯೆತ್ತಿದೆ.

ಅವರ ಮುಖದಲ್ಲಿ ಸಂತೋಷವಿತ್ತು.

"ಹಂಗಾರ ಸೋಮವಾರದಿಂದ ನಾಕ ದಿನ ಸೂಟಿ ಕೊಟ್ಟಂಗಾತಲ್ರಿ?" ಎಂದರು. ಹಿಂದಿನ ವಾರ ಅಣ್ಣನ ಮಗಳ ಸೀಮಂತಕ್ಕೆಂದು ಅವರು ರಜೆಯ ಅರ್ಜಿ ಕೊಟ್ಟದ್ದು ನನ್ನ ಮೇಜಿನ ಮೇಲೇ ಇತ್ತು.

ನನಗೆ ಏನೂ ತಿಳಿಯಲಿಲ್ಲ. ಆಮೇಲೆ ಒಮ್ಮೆಗೇ ತಿಳಿಯಿತು. ಆಗ ನಾನು ಮಾಡಿದ ಕೆಲಸವನ್ನು ನೆನೆದರೆ ಇವತ್ತಿಗೂ ಮೈ ಕುಗ್ಗುತ್ತದೆ. ಕಡತ ಹುಡುಕುವವಳ ಹಾಗೆ ಎದ್ದು ಕಪಾಟಿನ ಕಡೆ ಮುಖ ಮಾಡಿ, ಅವರಿಗೆ ಬೆನ್ನು ಕೊಟ್ಟು, ಸಹಜವಾದ ದನಿಯಲ್ಲಿ ಹೇಳಿದೆ: "ನಿಮ್ಮ ಸೂಟಿ ಮಂಜೂರಾತು, ಶಿವಪುತ್ರಪ್ಪಾರ. ಊರಿಗೆ ಹೋಗಿ ಬರ್ರಿ."

ಹಿಂದೆ ಸದ್ದಿಲ್ಲ. ತಿರುಗಿ ನೋಡಿದೆ. ಅವರು ಇನ್ನೂ ಉತ್ತರಕ್ಕಾಗಿ ಕಾಯುತ್ತ ನನ್ನ ಬೆನ್ನನ್ನೇ ನೋಡುತ್ತಿದ್ದರು. ನನ್ನ ಮುಖ ಕಂಡದ್ದೇ ಅವರ ಮುಖ ಬದಲಾಯಿತು.

"ಬೆನ್ನ ಮಾಡಿ ಪರೀಕ್ಷಾ ತಗೊಂಡ್ರೇನ್ರಿ ಬಾಯಾರ?"

ಅಷ್ಟು ಹೇಳಿ ಎದ್ದು ಹೊರಟುಬಿಟ್ಟರು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಯಂತ್ರಗಳ ನಡುವಿನ ಹಾದಿ ದಾಟಿ ಕ್ರೇನಿನ ಏಣಿಗೆ ಕೈ ಹಾಕಿದ್ದರು. ನಾನು ಓಡಿದೆ. "ಶಿವಪುತ್ರಪ್ಪಾರ, ಹತ್ತಬ್ಯಾಡ್ರಿ" ಎಂದು ಕೂಗಿದೆ. ಕಿವಿ ಕೇಳಿಸದ ಮನುಷ್ಯನನ್ನು ಕೂಗುತ್ತಿದ್ದೇನೆಂಬುದು ಕೂಗಿದ ಮೇಲೆ ಹೊಳೆಯಿತು. ಅವರು ನಾಲ್ಕು ಮೆಟ್ಟಿಲು ಏರಿಯೇಬಿಟ್ಟಿದ್ದರು. ಏಣಿಯ ಆಚೆ ಗಣಪತ ನಿಂತಿದ್ದ, ಅವತ್ತೇ ರಜೆ ಮುಗಿಸಿ ಬಂದಿದ್ದ. ನನ್ನ ಓಟ ನೋಡಿದ, ಅವರನ್ನು ನೋಡಿದ. ಏಣಿಯ ಎದುರಿಗೆ ಸರಿದು, ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ಬೀಸಿದ. ಎಲ್ಲವನ್ನೂ ಈಗಲೇ ನಿಲ್ಲಿಸು ಎಂಬುದಕ್ಕೆ ಅದು ಸನ್ನೆ. ಶಿವಪುತ್ರಪ್ಪನವರು ನಿಂತರು. ಬಹಳ ಹೊತ್ತು ಅಲ್ಲೇ ಏಣಿ ಹಿಡಿದು ನಿಂತಿದ್ದರು. ಆಮೇಲೆ ಇಳಿದರು. ಗಣಪತನಿಗೆ ಎಲ್ಲ ಗೊತ್ತಿತ್ತು ಎನ್ನುವುದು ಅವನ ಕಣ್ಣಿನಲ್ಲೇ ಕಾಣುತ್ತಿತ್ತು. ಮೂರು ವರ್ಷದಿಂದ ಗೆಳೆಯನಿಗಾಗಿ ಸೀಟಿಯನ್ನೇ ಬಿಟ್ಟು ಬರೀ ಕೈಯಲ್ಲಿ ಮಾತಾಡಿದ್ದ ಅವನು ಎಂದು ಆಮೇಲೆ ತಿಳಿಯಿತು.

ಸೂಟಿ ಸೋಮವಾರದಿಂದ ಇದ್ದರೂ ಶಿವಪುತ್ರಪ್ಪನವರು ಅವತ್ತೇ ಮನೆಗೆ ಹೋದರು. ನಾನು ದಾಖಲೆಗಳ ಕೋಣೆಗೆ ಹೋಗಿ ಹಳೆಯ ಕಡತಗಳನ್ನು ತೆಗೆಸಿದೆ. ಸದ್ದಿನ ನಡುವೆ ದುಡಿಯುವವರ ಕಿವಿ ಪರೀಕ್ಷೆಗೆಂದು ನಮ್ಮಲ್ಲಿ ವರ್ಷಕ್ಕೊಮ್ಮೆ ವ್ಯಾನು ಬರುತ್ತದೆ. ವರದಿಗಳ ಕಟ್ಟು ನನ್ನ ಮೇಜಿಗೆ ಬರುತ್ತದೆ, ನಾನು ಸಹಿ ಹಾಕುತ್ತೇನೆ. ಎರಡು ವರ್ಷದ ಹಿಂದಿನ ಕಟ್ಟಿನಲ್ಲಿ ಶಿವಪುತ್ರಪ್ಪನವರ ಹಾಳೆ ಸಿಕ್ಕಿತು; ಆಮೇಲಿನ ವರ್ಷ ಅವರು ಪರೀಕ್ಷೆ ತಪ್ಪಿಸಿಕೊಂಡಿದ್ದರು. ಎರಡೂ ಕಿವಿಯಲ್ಲಿ ಶ್ರವಣ ಬಹಳ ಕಡಿಮೆಯಾಗಿದೆ, ಕೂಡಲೇ ತಜ್ಞರಿಗೆ ತೋರಿಸಬೇಕು ಎಂದು ಬರೆದಿತ್ತು. ಅದರ ಕೆಳಗೆ ನನ್ನ ಸಹಿ. ಚೆಂದದ ಸಹಿ. ಒಂದೇ ಸಲ ಕೂತು ನೂರು ಹಾಳೆಗೆ ಹಾಕಿದರೂ ಗೆರೆ ಅತ್ತಿತ್ತ ಆಗುವುದಿಲ್ಲ ಎಂದು ಜಂಬಪಡುವ ನನ್ನ ಸಹಿ.

ಆ ಸಂಜೆ ಕಂಪನಿಯ ಬಸ್ಸಿನಲ್ಲಿ ಬಿಬವೇವಾಡಿಯವರೆಗೆ ಆ ಹಾಳೆಯ ನಕಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅದನ್ನು ಹರಿದು ಹಾಕಿದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬರಲಿಲ್ಲವೆಂದು ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಮನೆಗೆ ಹತ್ತಿರದ ಸ್ವಾರಗೇಟ್ ದಾಟುವವರೆಗೂ ಆ ಯೋಚನೆ ಇತ್ತು.

ಭಾನುವಾರ ಮಧ್ಯಾಹ್ನ ಪಿಂಪ್ರಿಯಲ್ಲಿ ಅವರಿದ್ದ ಸಾಲುಮನೆಗಳ ಚಾಳಿಗೆ ಹೋದೆ. ಊರಿಗೆ ಹೋಗಿರಬಹುದು ಎಂದುಕೊಂಡಿದ್ದೆ, ಹೋಗಿರಲಿಲ್ಲ. ಒಂದೇ ಕೋಣೆ. ಅವರ ಹೆಂಡತಿ ಮಹಾದೇವಿ ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಶಿವಪುತ್ರಪ್ಪನವರು ಮಂಚದಿಂದ ಎದ್ದು ನಿಂತು ಪ್ಲಾಸ್ಟಿಕ್ ಕುರ್ಚಿ ಸರಿಸಿದರು. ಅದು ಬಾಗಿಲಿಗೆ ಬೆನ್ನಾಗಿತ್ತು. ನಾನು ಅದನ್ನು ತಿರುಗಿಸಿ, ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಕೂತೆ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮುನ್ನುಡಿಯೆಲ್ಲ ಆಗ ಮರೆತುಹೋಯಿತು.

"ಶಿವಪುತ್ರಪ್ಪಾರ, ಇನ್ನ ಮ್ಯಾಲೆ ನಿಮ್ಮನ್ನ ಕ್ರೇನಿನ ಮ್ಯಾಲೆ ಕಳಸಾಕ ಆಗಂಗಿಲ್ರಿ" ಎಂದೆ. ಒಂದೊಂದು ಶಬ್ದ ಬಿಡಿಸಿ ಹೇಳಿದೆ. ಅವರು ನನ್ನ ತುಟಿ ನೋಡುತ್ತಿದ್ದರು.

"ಕಿವೀಲೆ ಅಲ್ರಿ ಬಾಯಾರ, ಕುಂಡೀಲೆ ನಡಸ್ತೀನಿ ನಾ ಕ್ರೇನ. ತಪ್ಪ ತಿಳ್ಕೋಬ್ಯಾಡ್ರಿ. ಅಚ್ಚು ವಾರೆ ಆದ್ರ ಕುಂತ ಜಾಗದಾಗ ತಿಳೀತದ."

"ಸೀಟಿ ಊದಿದ್ದು ತಿಳೀಲಿಲ್ಲಲ್ರಿ."

ಅವರು ಮಂಚದ ತುದಿಗೆ ಕೂತರು. ಆಮೇಲೆ ಕೇಳಿದರು: "ಕೆಲಸದಿಂದ ತಗೀತಾರೇನ್ರಿ?"

ಇಲ್ಲ ಎಂದುಬಿಡಬೇಕೆನಿಸಿತು. ಆದರೆ ಅದು ನನ್ನ ಕೈಯಲ್ಲಿರಲಿಲ್ಲ. "ಉಳಸಾಕ ನಾ ಬಡದಾಡ್ತೀನಿ. ಉಳೀತದ ಅಂತ ಮಾತು ಕೊಡಾಕ ನನ್ನ ಕೈಯಾಗಿಲ್ಲ" ಎಂದೆ. "ಇನ್ನೊಂದು ಅದ್ರಿ. ಅದು ನನ್ನ ತಪ್ಪು."

ಹಾಳೆ ತೆಗೆದು ಮುಂದಿಟ್ಟೆ. ಇಂಗ್ಲಿಷಿನಲ್ಲಿದ್ದುದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಅವರು ಬೆರಳಿಟ್ಟು ಕೇಳಿದರು, "ಇದು ನಿಮ್ಮ ಸಹಿ ಏನ್ರಿ?"

"ನಂದ."

"ಓದಿರಲಿಲ್ಲೇನ್ರಿ?"

"ಓದಿರಲಿಲ್ಲ."

"ಅವಾಗ ಹೇಳಿದ್ರ ಕಿವಿ ಉಳೀತಿತ್ತೇನ್ರಿ?"

ನನ್ನ ಕೈ ತಾನಾಗಿಯೇ ಕನ್ನಡಕಕ್ಕೆ ಹೋಯಿತು. ಅಪ್ಪನ ಕೈ ಅದು, ಅದಕ್ಕೆ ಬೇರೇನೂ ಗೊತ್ತಿಲ್ಲ. ತಲೆ ತಗ್ಗಿಸಿದರೆ ಈ ಮನುಷ್ಯನಿಗೆ ನನ್ನ ಉತ್ತರ ಸಿಗುವುದಿಲ್ಲ ಎಂದು ನೆನಪಾಗಿ ಕೈ ಇಳಿಸಿದೆ. ಅವರ ಮುಖವನ್ನು ಪೂರ್ತಿ ನೋಡುತ್ತ ಹೇಳಬೇಕಾಯಿತು. "ಹೋದದ್ದು ಬರ್ತಿರಲಿಲ್ರಿ. ಆಮ್ಯಾಲ ಹೋದದ್ದು ಉಳೀತಿತ್ತೇನೋ. ನನಗ ಗೊತ್ತಿಲ್ಲ."

ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಮಹಾದೇವಿ ನನ್ನ ಕಡೆ ನೋಡದೆ ಒಲೆಗೆ ಹೇಳುವ ಹಾಗೆ ಹೇಳಿದರು: "ಮನ್ಯಾಗ ಮಾತಾಡೋದೇ ಬಿಟ್ಟೀವ್ರಿ ನಾವು. ಒದರಿ ಮಾತಾಡಿದ್ರ ಚಾಳಿನ ಮಂದಿ ಗಂಡ ಹೆಂಡ್ತಿ ಜಗಳ ಹಚ್ಯಾರ ಅಂತಾರ. ಸಣ್ಣಾಗಿ ಮಾತಾಡಿದ್ರ ಇವರಿಗಿ ಕೇಳ್ಸಲ್ಲ. ಎರಡ ವರ್ಷಾತು."

ಶಿವಪುತ್ರಪ್ಪನವರಿಗೆ ಅದು ಕೇಳಿಸಲಿಲ್ಲ. ಅವರು ಹಾಳೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನಾ ಮುಚ್ಚಿಟ್ಟೆ, ನೀವು ನೋಡ್ಲಿಲ್ಲ" ಎಂದರು ಕೊನೆಗೆ. "ಆ ಸೀಟಿ ಊದಿದ ಮನಷ್ಯಾ ಸತ್ತಿದ್ರ ನಾವಿಬ್ರೂ ಯಾರ ಮುಂದ ಹೋಗಿ ಹೇಳ್ತಿದ್ವಿ ಇದನ್ನ?"

ಮಡಚಿದ ಹಾಳೆಯನ್ನು ನನ್ನ ಕೈಗಿಟ್ಟರು. "ನೀವು ಇನ್ನ ಹೋಗ್ರಿ ಬಾಯಾರ" ಎಂದರು. ನಾನು ಎದ್ದಾಗ, "ಚಾ ಕುಡದು ಹೋಗ್ರಿ" ಎಂದರು. ಆ ಚಹಾ ಕುಡಿದು ಮುಗಿಸುವುದರೊಳಗೆ ನನಗೆ ವಯಸ್ಸಾಗಿಬಿಟ್ಟಿತು.

ಮರುದಿನ ಘಟನೆಯ ವರದಿಯಲ್ಲಿ ಎಲ್ಲವನ್ನೂ ಬರೆದೆ, ನನ್ನ ಸಹಿಯ ವಿಷಯವನ್ನೂ. ಹಿರಿಯ ಅಧಿಕಾರಿ ಓದಿ, "ಇದನ್ನು ಯಾರು ಕೇಳಿದ್ದರು ನಿಮ್ಮನ್ನು?" ಎಂದು ಸಿಡುಕಿದರು. ನಾಲ್ಕು ವಾರ ಕಾಗದಗಳು ಮೇಲೆ ಕೆಳಗೆ ಓಡಾಡಿದವು. ಶಿವಪುತ್ರಪ್ಪನವರ ಎಚ್ಚರಿಕೆಯ ಪತ್ರ ರದ್ದಾಯಿತು, ಕೆಲಸ ಉಳಿಯಿತು, ಅಚ್ಚುಗಳ ಉಗ್ರಾಣಕ್ಕೆ ವರ್ಗವಾಯಿತು. ಎಚ್ಚರಿಕೆಯ ಪತ್ರ ನನಗೆ ಬಂತು. ಅದನ್ನು ಕೊಟ್ಟ ಸಿಬ್ಬಂದಿ ವಿಭಾಗದ ಹುಡುಗಿ, ನಮ್ಮ ಜೊತೆ ಲೋಣಾವಳಾಕ್ಕೆ ಬಂದವಳೇ, ಮೊದಲು ನನ್ನ ಇಪ್ಪತ್ತೆರಡು ವರ್ಷದ ಸೇವೆಯನ್ನು ಹೊಗಳಿದಳು. ಆಮೇಲೆ ಮೊಬೈಲ್ ನೋಡುತ್ತ ಉಳಿದದ್ದನ್ನು ಹೇಳಿದಳು. ಹೊಗಳಿಕೆ ಕೇಳುವಾಗಲೇ ಮುಂದೆ ಬರುವುದೇನೆಂದು ತಿಳಿದು ನಾನು ಕುರ್ಚಿಯ ತುದಿಗೆ ಸರಿದೆ. ಅಷ್ಟು ವರ್ಷ ನನ್ನ ಮೇಜಿನ ಆಚೆ ಕೂತವರಿಗೆ ಹೇಗಾಗಿತ್ತೆಂದು ಗೊತ್ತಾಗಲು ನನಗೆ ಅಷ್ಟು ವರ್ಷ ಬೇಕಾಯಿತು.

ಶಿವಪುತ್ರಪ್ಪನವರು ನನ್ನೊಡನೆ ಮಾತು ಬಿಟ್ಟರು. ಉಗ್ರಾಣಕ್ಕೆ ಹೋದರೆ ಎದ್ದು ನಿಲ್ಲುತ್ತಿದ್ದರು, ಕೇಳಿದ್ದಕ್ಕೆ ಹೌದು, ಇಲ್ಲ ಎನ್ನುತ್ತಿದ್ದರು. ಬಾಯಾರು ಎನ್ನುವುದು ಹೋಗಿ ಮ್ಯಾಡಮ್ ಬಂದಿತ್ತು. ಕಿವಿಗೆ ಯಂತ್ರ ಬಂತು. ಕಾರ್ಖಾನೆಯಲ್ಲಿ ಅದನ್ನು ತೆಗೆದು ಕಿಸೆಯಲ್ಲಿಟ್ಟು, ಮನೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದರು. ತಲೆಯ ಮೇಲೆ ಕ್ರೇನು ಹಾದುಹೋಗುವಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಮೇಲೆ ನೋಡುತ್ತಿದ್ದರು. ಸದ್ದು ಅವರಿಗೆ ಕೇಳಿಸುತ್ತಿರಲಿಲ್ಲ. ಆದರೂ ಬರುವ ಮೊದಲೇ ತಲೆಯೆತ್ತುತ್ತಿದ್ದರು. ನಾನು ಕಂಬದ ಮರೆಯಿಂದ ನೋಡಿ ತಿರುಗಿ ಬರುತ್ತಿದ್ದೆ. ಕ್ಷಮಿಸಿ ಎಂದು ಕೇಳಿ, ಕ್ಷಮಿಸುವ ಕೆಲಸವನ್ನೂ ಅವರಿಗೇ ಹಚ್ಚುವ ಧೈರ್ಯ ನನಗಿರಲಿಲ್ಲ.

ಈ ನಡುವೆ ವಿಭಾಗದ ಎಲ್ಲರ ಕಿವಿಯನ್ನೂ ಮತ್ತೆ ಪರೀಕ್ಷೆ ಮಾಡಿಸಿದೆವು. ಈ ಸಲ ಒಂದೊಂದು ಹಾಳೆಯನ್ನೂ ಓದಿದೆ. ನಡುವೆ ಗಣಪತನದು ಬಂತು. ಬಲಗಿವಿ ಪರವಾಗಿಲ್ಲ, ಎಡಗಿವಿ ಹೆಚ್ಚುಕಡಿಮೆ ಹೋಗಿದೆ.

ಗಣಪತನನ್ನು ಕರೆಸಲು ಹೇಳಿ ಕೂತಿದ್ದೆ. ಅವನಿಗಿಂತ ಮೊದಲು ಬಾಗಿಲಲ್ಲಿ ಶಿವಪುತ್ರಪ್ಪನವರು ಕಾಣಿಸಿಕೊಂಡರು. ಏಳು ತಿಂಗಳಲ್ಲಿ ಕರೆಯದೆ ಬಂದದ್ದು ಅದೇ ಮೊದಲು.

"ಗಣಪತಂದೂ ಕಾಗದ ಬಂದದಲ್ರಿ ಬಾಯಾರ?"

"ನಿಮಗ ಹೆಂಗ ಗೊತ್ತಾತ್ರಿ?"

"ಎಡಕ ನಿಂತು ಕರದ್ರ ಹೊಳ್ಳಿ ನೋಡಲ್ಲ ಅವ. ಭಾಳ ದಿನದಿಂದ ನೋಡ್ಲತ್ತೀನಿ." ಕಿಸೆಯಿಂದ ಯಂತ್ರ ತೆಗೆದು ಕಿವಿಗೆ ಸಿಕ್ಕಿಸಿಕೊಂಡರು. "ನಾನೇ ಹೇಳ್ತೀನ್ರಿ. ನೀವು ಬಾಜೂಕ ಕುಂದರ್ರಿ ಸಾಕು."

ಗಣಪತ ನಗುತ್ತಲೇ ಒಳಗೆ ಬಂದ. ಗೆಳೆಯನನ್ನು ಅಲ್ಲಿ ಕಂಡು ನಗು ಸ್ವಲ್ಪ ನಿಂತಿತು. ನಾನು ಎದ್ದು ಬಾಗಿಲು ಮುಚ್ಚಿದೆ, ಯಂತ್ರಗಳ ಸದ್ದು ಅರ್ಧ ಕಡಿಮೆಯಾಯಿತು. ಶಿವಪುತ್ರಪ್ಪನವರು ಸ್ಟೂಲನ್ನು ಎಳೆದು ಅವನ ಬಲಬದಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಇಟ್ಟುಕೊಂಡು ಕೂತರು. ಅವನ ಮಣಿಕಟ್ಟು ಹಿಡಿದರು. ಪೀಠಿಕೆಯಿಲ್ಲ, ಹೊಗಳಿಕೆಯಿಲ್ಲ. ಅವರ ಮುರುಕು ಮರಾಠಿಯಲ್ಲಿ ಒಂದೇ ಮಾತು: "ಗಣಪತ, ತುಝಾ ಡಾವಾ ಕಾನ ಗೇಲಾ ರೇ." ನಿನ್ನ ಎಡಗಿವಿ ಹೋಯಿತೋ.

"ಕಾಯ?" ಎಂದ ಗಣಪತ. ಏನು ಎಂದು ಕೇಳಿದ. ಮಾತು ಕೇಳಿಸಲಿಲ್ಲವೋ, ಕೇಳಿಸಿದ್ದನ್ನು ನಂಬಲಾಗಲಿಲ್ಲವೋ, ನನಗೆ ತಿಳಿಯಲಿಲ್ಲ.

ಶಿವಪುತ್ರಪ್ಪನವರು ದನಿ ಏರಿಸಲಿಲ್ಲ. ಹಿಡಿದ ಕೈ ಬಿಡಲಿಲ್ಲ. ಇನ್ನೊಂದಿಷ್ಟು ಹತ್ತಿರ ಸರಿದು, ಅವನ ಕಣ್ಣನ್ನೇ ನೋಡುತ್ತ, ಅದೇ ಮಾತನ್ನು ಮೊದಲಿನಿಂದ ಹೇಳಿದರು.